ಹನ್ನೆರಡು ನಕ್ಷತ್ರದ ಬಿಲ್ಲೆ

ಆಚೆ ಪಾರ್ಟಿಯ ಬಾಗಿಲು ತಟ್ಟೋದು ಸುಲಭ ಕಣೇ,
ನಾಯಿ ಬಿಡ್ತಾರೆ, ಇಲ್ಲ ನೀರು ಕೊಡ್ತಾರೆ.
ಕಷ್ಟ ನಮ್ಮದೇ ಪಾರ್ಟಿಯ ಬಾಗಿಲು.
ಕರೀತಾರೆ, ಕೂರಿಸ್ತಾರೆ,
ಕೇಳಿಸಿಕೊಂಡ ಹಾಗೆ ತಲೆಯಾಡಿಸ್ತಾರೆ,
ಅಂದಳು ಅಲಮೇಲತ್ತೆ.

ಮೂವತ್ತೊಂದು ವರ್ಷ ಲೆಸ್ಟರಿನಲ್ಲಿ ರಾತ್ರಿಪಾಳಿಯ ನರ್ಸು.
ಈಗ ಚಿಂತಾಮಣಿ, ಔಷಧಿ ಅಂಗಡಿ ಮೇಲಿನ ಮನೆ.
ಬಿಸ್ಕತ್ತಿನ ಡಬ್ಬಿಯಲ್ಲಿ ಸೂಜಿ, ದಾರ, ಹಳೇ ಪಾಸ್‌ಬುಕ್ಕು,
ಮತ್ತೊಂದು ನೀಲಿ ಬಿಲ್ಲೆ:
ಸುತ್ತ ಹನ್ನೆರಡು ಹಳದಿ ನಕ್ಷತ್ರ,
ನಡುವೆ ಏನೂ ಇಲ್ಲ.

ಲೇಬರ್ ಪಾರ್ಟಿಯ ಒಳಗೇ ಅವರದೊಂದು ಗುಂಪು,
ಯುರೋಪಿನ ಜೊತೆಗೇ ಇರೋಣ ಅನ್ನುವ ಒಂಬತ್ತು ಜನ.
ಒಬ್ಬ ಪೋಸ್ಟ್‌ಮ್ಯಾನ್, ಇಬ್ಬರು ಮೇಷ್ಟ್ರು,
ಪೋಲೆಂಡಿನಿಂದ ಬಂದ ಅಡುಗೆಯವಳು.
ಅವಳಿಗೆ ಓಟಿಲ್ಲ, ಟೀ ಮಾಡಬಹುದು.
ಇಗರ್ಜಿಯ ಹಿಂದಿನ ಕೋಣೆ, ಗುರುವಾರದ ಸಭೆ,
ತಿದ್ದುಪಡಿಗೊಂದು ತಿದ್ದುಪಡಿ,
ಒಂದು ಅಲ್ಪವಿರಾಮಕ್ಕೆ ನಲವತ್ತು ನಿಮಿಷ.

ಗಿರಣಿ ಮುಚ್ಚಿ ಮನೆಗೆ ಬಂದ ಮುದುಕ,
ಅತ್ತೆಯ ವಾರ್ಡಿನಲ್ಲೇ ಹೆಂಡತಿಯನ್ನು ಕಳಕೊಂಡವನು,
ಎದ್ದು ನಿಂತು ಕೇಳಿದನಂತೆ:
ಅವರ ಜೊತೆ ಇದ್ದು ನಮಗೇನು ಸಿಕ್ಕಿತು ಸಿಸ್ಟರ್?
ಅಂಕಿ ಇತ್ತು ಇವಳ ಚೀಲದಲ್ಲಿ. ತೆಗೆಯಲಿಲ್ಲ.
ಮುಚ್ಚಿದ ಗೇಟಿನೆದುರು
ಯಾವ ಅಂಕಿ ಓದೋದು?

ಮೇಲಿನವರದು ಅಡ್ಡಗೋಡೆ ಮೇಲೆ ದೀಪ.
ಗೊತ್ತುವಳಿ ಗೆದ್ದಿತು, ಎರಡು ಕೈಯಿಂದ.
ಜೂನಿನಲ್ಲಿ ದೇಶ ಹೊರಗೆ ಅಂದಿತು.
ಬೆಳಿಗ್ಗೆ ಪಾಳಿ ಮುಗಿಸಿ ಬಸ್ಸಿಗೆ ನಿಂತಿದ್ದರೆ
ಒಬ್ಬ ಹುಡುಗ: ಯಾವಾಗ ಹೊರಡ್ತೀಯ?
ಬಸ್ಸು ಬಂದ ಮೇಲೆ ಅಂದೆ, ಅಂತ
ಈಗ ನಗ್ತಾಳೆ.
ಆಗ ನಕ್ಕಳೋ ಇಲ್ಲವೋ ನಾನು ಕೇಳಿಲ್ಲ.

ಇದೆಲ್ಲ ಯಾಕೆ ಬಂತು ಅಂದರೆ,
ತಾಲ್ಲೂಕಿಗೆಲ್ಲ ಇನ್ನೂರು ರಸೀದಿಯ ನಮ್ಮ ಪುಟ್ಟ ಪಾರ್ಟಿ
ಹಾಲಿನ ಒಕ್ಕೂಟ ಒಡೀಬೇಕು,
ನಮ್ಮದು ನಮಗೆ ಬೇಕು, ಅಂತ ಹೊರಟಿದೆ.
ನಾನು ಡೇರಿಯ ಕಾರ್ಯದರ್ಶಿ,
ಐದೂವರೆಗೆ ಲ್ಯಾಕ್ಟೋಮೀಟರು ಮುಳುಗಿಸುವವಳು.
ನೀರು ಬೆರೆಸಿದ್ದನ್ನು ಹಾಲು ಹೇಳಿಬಿಡುತ್ತೆ,
ಕ್ಯಾನಿಗೆ ಬಿದ್ದ ಮೇಲೆ ತನ್ನ ಜಿಲ್ಲೆ ಹೇಳಿದ್ದು
ಈವರೆಗೆ ಕೇಳಿಲ್ಲ.
ನಮ್ಮ ಮಾತೇ ಕನ್ನಡದಲ್ಲಿ ಹೊರಟು
ತೆಲುಗಿನಲ್ಲಿ ಮನೆ ಸೇರುತ್ತೆ,
ದಾರೀಲಿ ಯಾರೂ ತಡೆಯೋದಿಲ್ಲ.

ಒಡೆಯೋರ ಮಾತೂ ಸುಳ್ಳಲ್ಲ.
ಟ್ಯಾಂಕರು ತಡ, ಬಟವಾಡೆ ತಡ,
ಕೋಲಾರಕ್ಕೆ ಹೋದ ಅರ್ಜಿ ಅಲ್ಲೇ ಮದುವೆಯಾಗಿ ಮಕ್ಕಳಾಗಿ.
ಪಿಳ್ಳಾರೆಡ್ಡಿ ಎದ್ದ:
ಜೊತೇಲಿದ್ದು ಏಮೊಚ್ಚಿಂದಮ್ಮಾ ಮನಕಿ?
ಹಿಂದಿನ ಸಾಲಿನಲ್ಲಿ ಅತ್ತೆ
ಡಬ್ಬಿಯ ಮುಚ್ಚಳ ಒತ್ತಿದ ಸದ್ದು.

ಏನು ಬಂತೋ ಗೊತ್ತಿಲ್ಲ ರೆಡ್ಡಿಯಣ್ಣ,
ಬಿಟ್ಟರೆ ಏನು ಹೋಗುತ್ತೆ ಅಂತ ಬರಕೊಂಡಿದ್ದೀನಿ,
ನೀನೇ ಕೂಡಿ ನೋಡು.
ಕಿವಿಯಿಂದ ಪೆನ್ಸಿಲ್ ತೆಗೆದು ಕೂಡಿದ, ಮತ್ತೆ ಕೂಡಿದ.
ಎಣಿಸುವಾಗ ಕೈ ಎತ್ತಲಿಲ್ಲ,
ನಮಗೂ ಇಲ್ಲ, ಅವರಿಗೂ ಇಲ್ಲ.

ಹನ್ನೊಂದು, ಹದಿನೇಳು.
ಸೋತೆವು.

ಈಗ? ಅಂದೆ.
ಈಗ ಕುರ್ಚಿ, ಅಂದಳು ಅತ್ತೆ.
ದೇಶ ಸೋತ ಮುಂದಿನ ಗುರುವಾರವೂ
ಕುರ್ಚಿ ಜೋಡಿಸಿದ್ದು ನಾವೇ.
ಆ ಮುದುಕನೂ ಒಂದೊಂದೇ ತಂದುಕೊಟ್ಟ,
ಮಾತಿಲ್ಲದೆ.

ಬಾಡಿಗೆ ಕುರ್ಚಿ ನಲವತ್ತು.
ಒಂದರ ಮೇಲೊಂದು ಪೇರಿಸಿ ಎಣಿಸಿದರೆ ಮೂವತ್ತೊಂಬತ್ತು.
ರೆಡ್ಡಿಯಣ್ಣನೂ ಎಣಿಸಿದ: ಮೂವತ್ತೊಂಬತ್ತು.

ನಲವತ್ತನೆಯದು ಬಾಗಿಲಲ್ಲಿತ್ತು,
ಮೇಲೆ ನಮ್ಮ ಅಧ್ಯಕ್ಷರು, ಕಿವಿಗೆ ಫೋನು.
ಕುರ್ಚಿಯ ಎರಡು ಕಾಲು ಹೊಸ್ತಿಲೊಳಗೆ,
ಎರಡು ಹೊರಗೆ.